ಕಾಡುದಾರಿಯ ಋಣ

ಯಾರ ಹಂಗೂ ಇಲ್ಲದೆ ಪಡೆಯಬಹುದಾದ ಸುಖವೊಂದು ಈ ಲೋಕದಲ್ಲಿ ಉಂಟೇ ಎಂಬುದು ಹಳೆಯ ಪ್ರಶ್ನೆ. ಉಂಟೆನ್ನುವವರು ಸಾಮಾನ್ಯವಾಗಿ ಎತ್ತಿ ತೋರಿಸುವ ನಿದರ್ಶನ ಪ್ರಕೃತಿದರ್ಶನದ ಸುಖ. ಉಂಡರೆ ಅನ್ನ ತೀರುತ್ತದೆ, ಉಟ್ಟರೆ ಬಟ್ಟೆ ಸವೆಯುತ್ತದೆ. ಆದರೆ ಬೆಟ್ಟವನ್ನು ನೋಡಿದವನಿಂದ ಬೆಟ್ಟಕ್ಕೆ ಕಡಮೆಯಾಗುವುದೇನೂ ಇಲ್ಲ. ಒಬ್ಬನು ನೋಡಿದರೆ ಇನ್ನೊಬ್ಬನ ಪಾಲು ಕುಗ್ಗುವುದಿಲ್ಲ. ಆದುದರಿಂದ ಕಾಡಿಗೆ ಹೋಗಿ ಸಂತೋಷಪಟ್ಟು ಬರುವವನು ಏನನ್ನೂ ತೆಗೆದುಕೊಂಡವನಲ್ಲ, ಯಾರಿಗೂ ಸಾಲಗಾರನಲ್ಲ ಎಂಬುದು ಅವರ ವಾದ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆ ನಂಬಿಕೆ ಸಡಿಲವಾದದ್ದು ಫ್ರಾನ್ಸ್ ದೇಶದ ಒಂದು ಕಾಡಿನಲ್ಲಿ, ಬೈಸಿಕಲ್ಲಿನ ಮೇಲೆ. ಸಂಗತಿ ಸಣ್ಣದು, ಆದರೆ ಅದರಿಂದ ಎದ್ದ ಯೋಚನೆ ಅಷ್ಟು ಸಣ್ಣದಲ್ಲವೆಂದು ತೋರಿದ್ದರಿಂದ ವಾಚಕರ ಮುಂದಿಡುತ್ತಿದ್ದೇನೆ.

ಪ್ಯಾರಿಸ್ಸಿನಿಂದ ಆಗ್ನೇಯಕ್ಕೆ, ಬರ್ಗಂಡಿ ಪ್ರಾಂತದ ನಡುವೆ, ಮೊರ್ವಾನ್ ಎಂಬ ಎತ್ತರದ ನಾಡೊಂದಿದೆ. ಸುತ್ತಲೂ ದ್ರಾಕ್ಷಿಯ ತೋಟಗಳೂ ಹುಲುಸಾದ ಹುಲ್ಲುಗಾವಲುಗಳೂ ಇರುವಾಗ ಇದೊಂದು ಮಾತ್ರ ಕಗ್ಗಲ್ಲಿನ ನೆಲ. ಇದರ ಅತ್ಯುನ್ನತ ಶಿಖರವಾದ ಓ-ಫೊಲ್ಯಾಂ 901 ಮೀಟರು. ನಮ್ಮವರು ಬೆಟ್ಟವೆನ್ನುವುದಕ್ಕೆ ಸ್ವಲ್ಪ ಅನುಮಾನಿಸಬಹುದು. ನೆಲದ ಸುಮಾರು ಅರ್ಧ ಭಾಗ ಕಾಡು. 1970ರಲ್ಲಿ ಈ ನಾಡನ್ನು ಸರಕಾರದವರು ಪ್ರಾದೇಶಿಕ ನಿಸರ್ಗೋದ್ಯಾನವೆಂದು ಸಾರಿದರು. ಹಾಗೆಂದರೆ ಜನರನ್ನು ಹೊರಗಟ್ಟಿ ಬೇಲಿ ಹಾಕಿದ ವನವೆಂದು ಅರ್ಥವಲ್ಲ. ಹಳ್ಳಿ, ಹೊಲ, ದನ, ಮರಗೆಲಸ ಎಲ್ಲವೂ ಒಳಗೇ ಇದ್ದು, ಅವುಗಳ ಜೊತೆಗೆ ನಿಸರ್ಗವೂ ಉಳಿಯಲೆಂದು ಮಾಡಿದ ಒಂದು ಒಡಂಬಡಿಕೆ. ಕಾಡಿನ ಬಹುಭಾಗ ಖಾಸಗಿಯವರ ಸ್ವತ್ತು.

ನಾವು ಇಬ್ಬರು ಮೂರು ದಿನ ಈ ನಾಡಿನಲ್ಲಿ ಸವಾರಿ ಮಾಡಿದೆವು. ನಮ್ಮ ವಾಹನ ಈಗ ಆ ದೇಶದಲ್ಲಿ ‘ಗ್ರಾವೆಲ್’ ಎಂದು ಹೆಸರುಗೊಂಡಿರುವ ಜಲ್ಲಿ ಸೈಕಲ್ಲು. ಹಿಡಿ ಪಂದ್ಯದ ಸೈಕಲ್ಲಿನಂತೆ ಕೆಳಕ್ಕೆ ಬಾಗಿರುತ್ತದೆ. ಚಕ್ರದ ಟಯರು ಮಾತ್ರ ಎರಡು ಬೆರಳಿಗಿಂತ ಅಗಲ, ಒಳಗೆ ಗಾಳಿ ಕಡಮೆ. ಅದರಿಂದ ಡಾಂಬರಿನ ಮೇಲೆ ವೇಗಕ್ಕೂ ಕೊರತೆಯಿಲ್ಲ, ಕಲ್ಲುಮಣ್ಣಿನ ಮೇಲೆ ಹಿಡಿತಕ್ಕೂ ಕೊರತೆಯಿಲ್ಲ. ಇದನ್ನು ಹೊಸ ಶೋಧವೆಂದು ಮಾರುತ್ತಾರೆ. ಆದರೆ ಡಾಂಬರು ಬರುವ ಮುಂಚೆ ಲೋಕದ ಸೈಕಲ್ಲುಗಳೆಲ್ಲ ಜಲ್ಲಿಯ ಮೇಲೆಯೇ ಓಡಿದವೆಂಬುದನ್ನು ನೆನೆದರೆ, ಮನುಷ್ಯನು ತಾನು ಬಿಟ್ಟುಬಂದುದನ್ನೇ ಮತ್ತೆ ಕೊಂಡುಕೊಳ್ಳುವ ಪ್ರಾಣಿಯೆಂದು ನಗು ಬರುತ್ತದೆ.

ಮೊದಲನೆಯ ದಿನದ ಸಂತೋಷವನ್ನು ವರ್ಣಿಸಲಾರೆ. ಬೀಚ್ ಮತ್ತು ಓಕ್ ಮರಗಳ ಎಲೆಗಳಿಂದ ಸೋಸಿಬಂದ ಬೆಳಕು, ಚಕ್ರದ ಕೆಳಗೆ ಜಲ್ಲಿಯ ಸಣ್ಣ ಸದ್ದು, ಅದನ್ನು ಬಿಟ್ಟರೆ ನಿಶ್ಶಬ್ದ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಮೆಚ್ಚಿಸಿದುದು ದಾರಿಯೇ. ಎಲ್ಲಿಯೂ ಎದೆಯೊಡೆಯುವ ಏರಿಲ್ಲ. ತಿರುವುಗಳೆಲ್ಲ ಅಗಲವಾಗಿ, ಮೆಲ್ಲನೆ ಬಳಸಿಕೊಂಡು ಹೋಗುತ್ತವೆ. ಬೆಟ್ಟ ತಾನಾಗಿಯೇ ಅತಿಥಿಗೆ ಕೈನೀಡಿ ಮೇಲಕ್ಕೆ ಕರೆದೊಯ್ಯುತ್ತಿದೆಯೆಂದು ನನಗೆ ತೋರಿತು. ಆ ಮಾತನ್ನು ನನ್ನ ಸ್ನೇಹಿತರಿಗೆ ಹೇಳಿಯೂ ಹೇಳಿದೆ.

ಮಧ್ಯಾಹ್ನ ಒಂದು ತಿರುವನ್ನು ದಾಟಿದೊಡನೆ ಕಾಡು ಮುಗಿದುಹೋಯಿತು. ಗುಡ್ಡದ ಇಡೀ ಒಂದು ಮಗ್ಗುಲು ಬೋಳು. ಮೋಟುಗಳು, ಯಂತ್ರದ ಚಕ್ರಗಳು ಸೀಳಿದ ಆಳವಾದ ಹೊಂಡಗಳು, ದಾರಿಯ ಪಕ್ಕದಲ್ಲಿ ಮನೆಯೆತ್ತರಕ್ಕೆ ಪೇರಿಸಿದ ದಿಮ್ಮಿಗಳ ರಾಶಿ. ಆ ಕ್ಷಣದಲ್ಲಿ ನನಗೆ ದಾರಿಯ ಗುಟ್ಟು ತಿಳಿಯಿತು. ಏರು ಸುಲಭವಾಗಿದ್ದುದು ನಲವತ್ತು ಟನ್ನಿಗೂ ಮೀರಿದ ಲಾರಿಗಳು ಹತ್ತಬೇಕಾಗಿದ್ದುದರಿಂದ. ತಿರುವು ಅಗಲವಾಗಿದ್ದುದು ಉದ್ದನೆಯ ದಿಮ್ಮಿಗಳು ತಿರುಗಬೇಕಾಗಿದ್ದುದರಿಂದ. ಬೆಟ್ಟದ ಆದರವೆಂದು ನಾನು ಭಾವಿಸಿದುದು ಗರಗಸಕ್ಕಾಗಿ ಮಾಡಿದ ಏರ್ಪಾಡು. ಈ ದಾರಿಯಿಲ್ಲದಿದ್ದರೆ ನಾನು ಕಾಡನ್ನು ನೋಡುತ್ತಿರಲಿಲ್ಲ. ಕಾಡನ್ನು ಕಡಿಯದಿದ್ದರೆ ಈ ದಾರಿಯೇ ಇರುತ್ತಿರಲಿಲ್ಲ.

ಇಲ್ಲಿ ಪ್ರಶ್ನೆ ಏಳುತ್ತದೆ: ನಾವು ಒಪ್ಪದ ಕೆಲಸವೊಂದು ತೆರೆದ ಬಾಗಿಲಿನಿಂದ ಒಳಹೊಕ್ಕು ಸುಖಪಡುವುದು ನ್ಯಾಯವೇ?

ಕೂಡಲೇ ಹೊಳೆಯುವ ಸಮಾಧಾನವೊಂದುಂಟು: ದಾರಿ ಹೇಗೂ ಇದೆ, ನಾನು ಹೋದರೂ ಇದೆ, ಹೋಗದಿದ್ದರೂ ಇದೆ, ನನ್ನ ಸವಾರಿಯಿಂದ ಒಂದು ಮರವೂ ಹೆಚ್ಚಾಗಿ ಉರುಳಲಿಲ್ಲ. ಇದು ಸುಳ್ಳಲ್ಲ. ಆದರೆ ಇದು ಉತ್ತರ ಕೊಡುವುದು ನಾನು ಕೇಳದ ಪ್ರಶ್ನೆಗೆ. ತಪ್ಪು ಮಾಡಿದವನು ನಾನೇ ಎಂದು ನಾನು ಕೇಳಿರಲಿಲ್ಲ. ಇದರಲ್ಲಿ ನನಗೆ ಸಂಬಂಧವುಂಟೇ ಎಂದು ಕೇಳಿದ್ದೆ. ಅಜ್ಜನು ಅನ್ಯಾಯವಾಗಿ ಗಳಿಸಿದ ಹೊಲದಲ್ಲಿ ಬೆಳೆದ ಅನ್ನವನ್ನು ಉಣ್ಣುವ ಮೊಮ್ಮಗನು ಕಳ್ಳನಲ್ಲ. ಹಾಗೆಂದು ಆ ಹೊಲದ ಕತೆ ಅವನಿಗೆ ಸಂಬಂಧಿಸಿದುದೇ ಅಲ್ಲವೆನ್ನುವುದಕ್ಕೂ ಬಾಯಿ ಬರುವುದಿಲ್ಲ.

ಎರಡನೆಯ ಸಮಾಧಾನ ವಿರಕ್ತನದು: ಹಾಗಾದರೆ ಆ ದಾರಿಯನ್ನೇ ಬಿಟ್ಟುಬಿಡು. ಇದು ಮೇಲ್ನೋಟಕ್ಕೆ ಶುದ್ಧವಾಗಿ ಕಾಣುತ್ತದೆ. ಆದರೆ ನಾನು ಬಿಟ್ಟದ್ದರಿಂದ ಉಳಿಯುವ ಮರ ಯಾವುದು? ಉಳಿಯುವುದು ನನ್ನ ಮನಸ್ಸಿನ ಮಡಿಯೊಂದೇ. ಬೋಳಾದ ಗುಡ್ಡವನ್ನು ಕಂಡವರೆಲ್ಲ ಮುಖ ತಿರುಗಿಸಿ ಹೊರಟರೆ ಅದನ್ನು ಕುರಿತು ಮಾತನಾಡುವವರೂ ಇಲ್ಲವಾಗುತ್ತಾರೆ.

ನಾನು ಹೀಗೆ ಕೊರಗುತ್ತ ನಿಂತಿದ್ದಾಗ ದಿಮ್ಮಿಗಳಿಗೆ ಬಣ್ಣದ ಗುರುತು ಹಾಕುತ್ತಿದ್ದ ವೃದ್ಧನೊಬ್ಬನು ಹತ್ತಿರ ಬಂದನು. ನನ್ನ ಮುಖದ ಭಾವವನ್ನು ಅವನು ಮುಂಚೆಯೇ ಎಷ್ಟೋ ಪ್ರವಾಸಿಗರಲ್ಲಿ ಕಂಡಿದ್ದನೆಂದು ತೋರುತ್ತದೆ. “ರಾತ್ರಿ ಎಲ್ಲಿ ಮಲಗಿದ್ದಿರಿ?” ಎಂದು ಕೇಳಿದನು. ಹಳ್ಳಿಯ ತಂಗುಮನೆಯ ಹೆಸರು ಹೇಳಿದೆ. “ಅದರ ಮಾಡಿನ ತೊಲೆಗಳು ಇದೇ ಮರದವು,” ಎಂದು ಹೇಳಿ ಮತ್ತೆ ತನ್ನ ಕೆಲಸಕ್ಕೆ ತಿರುಗಿದನು. ಅವನ ದನಿಯಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಆ ಮಾತು ನನಗೆ ಚೆನ್ನಾಗಿ ತಾಕಿತು.

ಅವನು ಕಲಿಸಿದ ಪಾಠವನ್ನು ಆ ನಾಡಿನ ಚರಿತ್ರೆ ವಿಸ್ತರಿಸಿ ಹೇಳುತ್ತದೆ. ನಾನು ಆದಿಕಾಲದ ಅರಣ್ಯವೆಂದು ಕೈಮುಗಿಯಹೊರಟ ಬ್ಯೂವ್ರೆ ಬೆಟ್ಟದ ಕಾಡಿನ ಅಡಿಯಲ್ಲಿ ಒಂದು ರಾಜಧಾನಿ ಹೂತುಹೋಗಿದೆ. ಅದೇ ಬಿಬ್ರಾಕ್ಟ್. ಕ್ರಿಸ್ತಪೂರ್ವ 52ರಲ್ಲಿ ಗಾಲ್ ಜನಾಂಗಗಳು ವೆರ್ಸಿಂಜೆಟೊರಿಕ್ಸನನ್ನು ತಮ್ಮ ದಳಪತಿಯೆಂದು ಒಪ್ಪಿಕೊಂಡುದು ಅಲ್ಲಿ. ಅವನನ್ನು ಗೆದ್ದ ಸೀಸರನು ಆ ಚಳಿಗಾಲವನ್ನು ಕಳೆದುದೂ ಅಲ್ಲಿಯೇ. ಮುಂದೆ ಜನರು ಬಯಲಿನ ಓತಂ ಪಟ್ಟಣಕ್ಕೆ ಇಳಿದುಹೋದರು, ಬೀದಿಗಳ ಮೇಲೆ ಮರ ಬೆಳೆಯಿತು. 1867ರಿಂದ ಅಗೆದು ನೋಡುವವರೆಗೆ ಕಾಡು ಆ ಊರನ್ನು ಮುಚ್ಚಿಟ್ಟಿತ್ತು. ಹದಿನಾರನೆಯ ಶತಮಾನದ ನಡುವಿನಿಂದ ಮೂರು ನೂರು ವರ್ಷಕ್ಕೂ ಹೆಚ್ಚು ಕಾಲ ಪ್ಯಾರಿಸ್ಸಿನ ಒಲೆಗಳು ಉರಿದುದು ಬಹುಮಟ್ಟಿಗೆ ಮೊರ್ವಾನಿನ ಸೌದೆಯಿಂದ. ಕಡಿದ ಕೊರಡುಗಳನ್ನು ತೊರೆಗಳಲ್ಲಿ ತೇಲಬಿಟ್ಟು, ಕ್ಲಾಮ್ಸಿಯಲ್ಲಿ ಹಿಡಿದು, ತೆಪ್ಪಗಳಾಗಿ ಕಟ್ಟಿ, ಯೋನ್ ನದಿಯಲ್ಲಿ ರಾಜಧಾನಿಗೆ ಸಾಗಿಸುತ್ತಿದ್ದರು. ಈಗ ವಿಹಾರಿಗಳು ದೋಣಿಯಾಡುವ ಸೆತ್ತೊಂ ಸರೋವರವೂ ಆ ತೆಪ್ಪಗಳಿಗೆ ನೀರೊದಗಿಸಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟೆ ಹಾಕಿ ನಿಲ್ಲಿಸಿದ್ದು. ಕಲ್ಲಿದ್ದಲು ಬಂದು ಸೌದೆಯ ವ್ಯಾಪಾರ ಬಿದ್ದುಹೋಯಿತು. ಬಡತನ ಎಷ್ಟಿತ್ತೆಂದರೆ ಅಲ್ಲಿನ ತಾಯಂದಿರು ತಮ್ಮ ಕೂಸುಗಳನ್ನು ಮನೆಯಲ್ಲಿ ಬಿಟ್ಟು, ಪ್ಯಾರಿಸ್ಸಿನ ಸಿರಿವಂತರ ಕೂಸುಗಳಿಗೆ ಹಾಲೂಡಿಸಲು ಹೋಗುತ್ತಿದ್ದರು. ಕಳೆದ ಮಹಾಯುದ್ಧದಲ್ಲಿ ಈ ಕಾಡು ಪ್ರತಿರೋಧದ ವೀರರಿಗೆ ಮರೆಯಾಯಿತು; ಅದರ ಬೆಲೆಯನ್ನು ತೆತ್ತವರು ಜೂನ್ 1944ರಲ್ಲಿ ದಂ-ಲೆ-ಪ್ಲಾಸ್ ಮೊದಲಾದ ಹಳ್ಳಿಗಳ ನಿರಪರಾಧಿಗಳು.

ಯುದ್ಧಾನಂತರ ದೇಶಕ್ಕೆ ಮರ ಬೇಕಾಯಿತು. 1946ರಲ್ಲಿ ಸ್ಥಾಪಿತವಾಗಿ 1999ರವರೆಗೆ ನಡೆದ ರಾಷ್ಟ್ರೀಯ ಅರಣ್ಯನಿಧಿಯ ನೆರವಿನಿಂದ, ಅಮೆರಿಕದ ಪಶ್ಚಿಮ ಕರಾವಳಿಯ ಡಗ್ಲಸ್ ಮರವನ್ನು ಸಾಲುಸಾಲಾಗಿ ನೆಟ್ಟರು. ಓಕ್ ನೂರೈವತ್ತು ವರ್ಷ ಕೇಳಿದರೆ ಇದು ಐವತ್ತು ವರ್ಷಕ್ಕೆ ಕಡಿಯಲು ಸಿದ್ಧ. ಈಗ ಅಲ್ಲಿನ ಕಾಡಿನ ಸರಿಸುಮಾರು ಅರ್ಧ ಇಂತಹ ಸೂಜಿಯೆಲೆಯ ಮರಗಳು. ನಾನು ಕಂಡ ಬೋಳುಗುಡ್ಡ ಅಂತಹ ಒಂದು ನೆಡುತೋಪಿನ ಸುಗ್ಗಿ.

ಇಷ್ಟನ್ನು ತಿಳಿದಮೇಲೆ ಕಡಿಯುವವನು ದುಷ್ಟ, ನೋಡುವವನು ಶಿಷ್ಟ ಎಂಬ ನನ್ನ ಸುಲಭದ ವಿಭಾಗ ನಿಲ್ಲಲಿಲ್ಲ. ಹಾಗೆಂದು ಕಡಿಯುವುದೆಲ್ಲ ಸರಿಯೆಂದೂ ಆಗಲಿಲ್ಲ. ಆ ನಾಡಿನವರೇ ಹಲವರು 2003ರಿಂದ ಸಂಘ ಕಟ್ಟಿ, ಪಾಲು ಹಣ ಹಾಕಿ, ಎಲೆಯುದುರುವ ಹಳೆಯ ಕಾಡುಗಳನ್ನು ಕೊಂಡು, ಒಮ್ಮೆಗೇ ಬೋಳಿಸದೆ ಆಯ್ದು ಕಡಿಯುವ ಕ್ರಮವನ್ನು ನಡೆಸುತ್ತಿದ್ದಾರೆ. ಮಡಿಗಾಗಿ ಹೊರಗೆ ನಿಲ್ಲುವುದಕ್ಕೂ ಸಾಲ ಹೊತ್ತು ಒಳಗೆ ನಿಲ್ಲುವುದಕ್ಕೂ ಇರುವ ಭೇದ ಇಲ್ಲಿ ಕಾಣುತ್ತದೆ.

ಇದುವರೆಗೆ ನನ್ನ ತಪ್ಪು ಬರಿಯ ಭಾವನೆಯದು. ಕೃತಿಯ ತಪ್ಪೊಂದು ಉಂಟು, ಅದನ್ನೂ ಹೇಳಬೇಕು. ಎರಡನೆಯ ದಿನ ದಾರಿ ಒಂದು ತೊರೆಯನ್ನು ಅಡ್ಡಹಾಯ್ದಿತು. ನೀರು ಮೊಣಕಾಲಿಗೂ ಕಡಮೆ. ಇಳಿಜಾರಿನ ವೇಗದಲ್ಲಿ ನೀರನ್ನು ಸೀಳಿ ದಾಟಿದೆ. ಸಂತೋಷ ಸಾಲದೆ ಹಿಂದಿರುಗಿ ಮತ್ತೊಮ್ಮೆ ದಾಟಿದೆ. ಸ್ಪಟಿಕದಂತಿದ್ದ ನೀರು ಕೆಸರಾಗಿ ಹರಿದುಹೋದುದನ್ನು ನೋಡಿಯೂ ನೋಡಲಿಲ್ಲ. ಸಂಜೆ ಸ್ಯಾಂ-ಬ್ರಿಸೊಂ ಹಳ್ಳಿಯಲ್ಲಿರುವ ಉದ್ಯಾನದ ಮನೆಯಲ್ಲಿ ಮುತ್ತಿನ ಚಿಪ್ಪಿನ ವಿಷಯ ತಿಳಿಯಿತು. ಮೊರ್ವಾನಿನ ಕೆಲವು ತಣ್ಣನೆಯ ತೊರೆಗಳಲ್ಲಿ ಇನ್ನೂ ಉಳಿದಿರುವ ಈ ಜೀವಿ ನೂರು ವರ್ಷ ಬದುಕಬಲ್ಲದು. ಅದರ ಮರಿ ಮೊದಲು ಟ್ರೌಟ್ ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ತಿಂಗಳು ಕಳೆಯುತ್ತದೆ. ಆಮೇಲೆ ಉದುರಿ ತೊರೆಯ ತಳದ ಜಲ್ಲಿಯೊಳಗೆ ಹುದುಗಿ ವರ್ಷಗಟ್ಟಲೆ ಬೆಳೆಯುತ್ತದೆ. ಜಲ್ಲಿಯ ಸಂದುಗಳಲ್ಲಿ ತಿಳಿನೀರು ಹರಿಯುತ್ತಿದ್ದರೆ ಅದಕ್ಕೆ ಉಸಿರು. ಮೇಲಿನಿಂದ ಕೆಸರು ಇಳಿದು ಸಂದುಗಳು ಮುಚ್ಚಿದರೆ ಅಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ. ಬೋಳು ಗುಡ್ಡಗಳಿಂದಲೂ, ದನಗಳ ಗೊರಸಿನಿಂದಲೂ, ತೊರೆ ದಾಟುವ ವಾಹನಗಳಿಂದಲೂ ಬರುವ ಕೆಸರೇ ಅದರ ಶತ್ರುಗಳಲ್ಲಿ ದೊಡ್ಡದು. ಆದುದರಿಂದಲೇ ಕೆಲವೆಡೆ ಹಾಯ್ಗಡಗಳ ಬದಲು ಕಿರುಸೇತುವೆಗಳನ್ನು ಹಾಕಿದ್ದಾರೆ.

ನಾನು ದಾಟಿದ ತೊರೆಯಲ್ಲಿ ಅದು ಇದ್ದಿತೋ ಇಲ್ಲವೋ, ಇದ್ದರೂ ನನ್ನ ಎರಡು ಚಕ್ರಗಳ ಕೆಸರು ಅದಕ್ಕೆ ಎಷ್ಟರದು ಎನ್ನಬಹುದು. ಲಾರಿಯ ಮುಂದೆ ಸೈಕಲ್ಲಿನ ಪಾಲು ಸಾಸಿವೆಯಷ್ಟು ಎಂಬುದು ನಿಜವೇ. ಆದರೆ ಆ ಲಾರಿಯವನು ಹೊಟ್ಟೆಪಾಡಿಗೆ ದಾಟಿದ್ದನು. ನಾನು ಎರಡನೆಯ ಸಲ ದಾಟಿದುದು ಬರಿಯ ಮೋಜಿಗೆ. ಏನನ್ನೂ ತೆಗೆದುಕೊಳ್ಳದವನು ಎಂಬ ಬಿರುದನ್ನು ನಾನು ಅಂದು ಕಳಚಿಟ್ಟೆ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಹಿರಿಯರ ಒಂದು ಭಾವನೆ ಇಲ್ಲಿ ನನಗೆ ದಾರಿ ತೋರಿತು. ಮನುಷ್ಯನು ಹುಟ್ಟುವಾಗಲೇ ಋಣಿಯಾಗಿ ಹುಟ್ಟುತ್ತಾನೆ, ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಎಂದು ಅವರು ಹೇಳಿದರು; ಪಾಪಿಯಾಗಿ ಹುಟ್ಟುತ್ತಾನೆಂದು ಹೇಳಲಿಲ್ಲ. ಋಣಕ್ಕೂ ಅಪರಾಧಕ್ಕೂ ಬಹಳ ವ್ಯತ್ಯಾಸವುಂಟು. ಅಪರಾಧ ತೊಳೆದುಕೊಳ್ಳಬೇಕೆಂದು ಕಾಡುತ್ತದೆ; ತೊಳೆದುಕೊಂಡವನು ಅದನ್ನು ಮರೆಯಲು ಬಯಸುತ್ತಾನೆ. ಋಣವಾದರೋ ನೆನೆಯುತ್ತ ನಡೆಯಬೇಕಾದುದು. ಕೊಟ್ಟವರಿಗೇ ತೀರಿಸಲು ಆಗದಿದ್ದರೂ ಮುಂದಿನವರಿಗೆ ತೀರಿಸಬಹುದಾದುದು. ಅಪರಾಧಿಗೆ ಸುಖ ಸಲ್ಲದು; ಋಣಿಗೆ ಸಲ್ಲುತ್ತದೆ, ಲೆಕ್ಕವನ್ನು ಮರೆಯದಿದ್ದರೆ.

ಕಾಡುದಾರಿಯಲ್ಲಿ ಆ ಲೆಕ್ಕ ಹೀಗಿರಬಹುದು. ಮೊದಲನೆಯದು, ದಾರಿ ಯಾರಿಂದ, ಏತಕ್ಕಾಗಿ ಆಯಿತೆಂದು ತಿಳಿಯುವುದು. ತಿಳಿಯದೆ ಮೆಚ್ಚುವುದು ಅರ್ಧ ಮೆಚ್ಚುಗೆ, ತಿಳಿಯದೆ ಬಯ್ಯುವುದು ಪೂರ್ತಿ ಅನ್ಯಾಯ. ಎರಡನೆಯದು, ಬೇಡವೆಂದ ಕಡೆ ನಿಲ್ಲುವುದು. ಒಳಗೆ ಬರಬಾರದೆಂದು ಫಲಕ ಹಾಕಿದ ಖಾಸಗಿ ಕಾಡಿಗೆ ನುಗ್ಗುವುದು ಆ ದೇಶದಲ್ಲಿ 2023ರ ಫೆಬ್ರವರಿಯ ಕಾಯಿದೆಯಿಂದ ದಂಡಾರ್ಹವಾಗಿದೆ. ತೊರೆಯಾದರೋ ಫಲಕ ಹಾಕಲಾರದು, ಅದರ ಪರವಾಗಿ ನಮ್ಮ ವಿವೇಕವೇ ಹಾಕಬೇಕು. ಮೂರನೆಯದು, ಕಂಡುದನ್ನು ಪೂರ್ತಿಯಾಗಿ ಹೇಳುವುದು. ಊರಿಗೆ ಬಂದು ಎಲೆಗಳ ಬೆಳಕನ್ನು ಮಾತ್ರ ವರ್ಣಿಸಿ ಬೋಳುಗುಡ್ಡವನ್ನು ಬಿಡುವವನೂ, ಬೋಳುಗುಡ್ಡವನ್ನು ಮಾತ್ರ ಹೇಳಿ ತಾನು ಮಲಗಿದ ಮನೆಯ ತೊಲೆಗಳನ್ನು ಬಿಡುವವನೂ, ಇಬ್ಬರೂ ಸಾಲವನ್ನು ಮುಚ್ಚಿಟ್ಟವರೇ.

ಇವು ದೊಡ್ಡ ತತ್ತ್ವಗಳಲ್ಲವೆಂದು ಬಲ್ಲೆ. ಇವುಗಳಿಂದ ಗುಡ್ಡ ಮತ್ತೆ ಹಸುರಾಗುವುದಿಲ್ಲ. ಆದರೆ ಋಣ ತೀರಿಸುವ ಕ್ರಮವೇ ಹಾಗೆ. ಕೈಲಾದಷ್ಟು ಇಂದು, ಉಳಿದುದು ನಾಳೆ.

ಮೂರನೆಯ ದಿನ ಅದೇ ದಾರಿಯಲ್ಲಿ ಹಿಂದಿರುಗಬೇಕಾಯಿತು. ತೊರೆ ಸಿಕ್ಕಿತು. ನೀರು ಮತ್ತೆ ತಿಳಿಯಾಗಿ, ತಳದ ಒಂದೊಂದು ಕಲ್ಲೂ ಎಣಿಸುವಂತೆ ಕಾಣುತ್ತಿತ್ತು. ಇಳಿದು ಹುಡುಕಿದಾಗ ಸ್ವಲ್ಪ ಮೇಲೆ, ಪೊದೆಗಳ ಮರೆಯಲ್ಲಿ, ಎರಡು ಹಲಗೆಗಳ ಕಾಲುಸಂಕ ಕಂಡಿತು. ಮೊದಲ ಸಲವೂ ಅದು ಅಲ್ಲಿಯೇ ಇದ್ದಿತು. ಸೈಕಲ್ಲನ್ನು ಹೆಗಲಿಗೇರಿಸಿ ದಾಟಿದೆವು. ಹೆಗಲು ಸ್ವಲ್ಪ ನೋಯಿತು. ಹಲಗೆಗಳು ಡಗ್ಲಸ್ ಮರದವೆಂದು ಸ್ನೇಹಿತರು ಹೇಳಿದರು.