ಒಳಪುಟ ಖಾಲಿ ಇರಲಿ

ಬೀರಸಂದ್ರದ ಬಳಿ ಜಿಲ್ಲಾಡಳಿತ ಭವನ ಎದ್ದ ಮೇಲೆ ಕುಂದಾಣ ಹೋಬಳಿಯಲ್ಲಿ ಅರ್ಜಿ ಹಿಡಿದವರ ಓಡಾಟ ಹೆಚ್ಚಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ನಾಲ್ಕೂ ತಾಲ್ಲೂಕಿನವರು ಬರುತ್ತಾರೆ. ಒಬ್ಬರಿಗೆ ಪಿಂಚಣಿಯ ಚಿಂತೆ, ಇನ್ನೊಬ್ಬರಿಗೆ ಜಮೀನಿನ ದಾಖಲೆಯದು. ಕಷ್ಟ ಬೇರೆ ಬೇರೆ, ಅರ್ಜಿಯ ಮೈಕಟ್ಟು ಮಾತ್ರ ಒಂದೇ: ಮೇಲೆ ‘ಇಂದ’, ಅದರ ಕೆಳಗೆ ‘ಗೆ’, ಆಮೇಲೆ ‘ಮಾನ್ಯರೇ’, ಕೊನೆಗೆ ಸಹಿ ಅಥವಾ ಹೆಬ್ಬೆಟ್ಟು. ಬಡವರು ಬದುಕಿನಲ್ಲಿ ಬರೆಯುವ, ಬರೆಸುವ ಕಾಗದಗಳೆಲ್ಲ ಹೆಚ್ಚುಕಮ್ಮಿ ಇದೇ ಜಾತಿಯವು. ಪ್ರತಿಯೊಂದರಲ್ಲೂ ಅವರು ಕೇಳುವವರು.

ಇಂಥವರಿಗೆ ಕೊಡಲೆಂದೇ ಕೈಯಾರೆ ಶುಭಾಶಯ ಪತ್ರ ಮಾಡುವವರಿದ್ದಾರೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ, ಅದರ ಮೂಲೆಯಲ್ಲಿ ಇನ್ನೂ ಮಾಸದ ಅರಿಶಿನ, ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಹರಿದ ಸೀರೆಯ ಜರಿ. ಇಷ್ಟರಲ್ಲೇ ಕಾರ್ಡು ಹುಟ್ಟುತ್ತದೆ. ಆಸ್ಪತ್ರೆಗೆ, ವೃದ್ಧಾಶ್ರಮಕ್ಕೆ, ಮಕ್ಕಳ ನಿಲಯಕ್ಕೆ ಹೋಗುತ್ತದೆ. ಇಲ್ಲದವರಿಗೆ ಬಣ್ಣದ ಕಾಗದ ಕೊಟ್ಟು ಏನುಪಯೋಗ ಎಂದರೆ ಚಟ್ಟನೆ ಉತ್ತರ ಹೊಳೆಯುವುದಿಲ್ಲ. ಅನ್ನ, ಔಷಧ, ಕಂಬಳಿ ಮೊದಲು, ಅದರಲ್ಲಿ ವಾದವಿಲ್ಲ. ಆದರೂ ಯಾರೆಂದೇ ಗೊತ್ತಿಲ್ಲದ ಒಬ್ಬರಿಗಾಗಿ ಕೂತು ಹೂವಿನ ಎಸಳು ಕತ್ತರಿಸುವ ಕೈ ಕಂಡಾಗ ನನಗೆ ಬೆರಗಾಗುತ್ತದೆ. ಆ ಬೆರಗಿನ ಬೇರು ಹುಡುಕಲು ಕಾರ್ಡಿನ ಚರಿತ್ರೆಯೇ ಒಳ್ಳೆಯ ದಾರಿ.

ಮಾರಾಟಕ್ಕೆಂದು ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡು 1843ರದು. ಲಂಡನ್ನಿನ ಹೆನ್ರಿ ಕೋಲ್ ಎಂಬಾತನಿಗೆ ಹಬ್ಬಕ್ಕೆ ಒಬ್ಬೊಬ್ಬ ಗೆಳೆಯನಿಗೂ ಕಾಗದ ಬರೆಯಲು ಪುರುಸೊತ್ತಿರಲಿಲ್ಲ. ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿ ಸುಮಾರು 1,000 ಪ್ರತಿ ಅಚ್ಚು ಹಾಕಿಸಿದ. ಬಣ್ಣ ಮಾತ್ರ ಕೈಯಿಂದ ತುಂಬಿದ್ದು. ಬೆಲೆ ಒಂದು ಶಿಲ್ಲಿಂಗ್, ಕೂಲಿಯವರ ಕೈಗೆಟುಕುವ ಮಾತಲ್ಲ. ಚಿತ್ರದ ನಡುವೆ ಹಿರಿಯರು ಕಿರಿಯರೆಲ್ಲ ಕೂಡಿದ ಒಂದು ಕುಟುಂಬ ಔತಣಕ್ಕೆ ಕೂತಿದೆ. ಎಡಬಲದ ಕಿರಿದಾದ ಚೌಕಗಳಲ್ಲಿ ಹಸಿದವರಿಗೆ ಊಟ ಕೊಡುವವರು, ಬಟ್ಟೆಯಿಲ್ಲದವರಿಗೆ ಹೊದಿಸುವವರು. ಯಾರಿಗೆ, ಯಾರಿಂದ ಎಂದು ತುಂಬಲು ಮೇಲೂ ಕೆಳಗೂ ಖಾಲಿ ಜಾಗ. ಅಂದರೆ ಮೊದಲ ಕಾರ್ಡಿನಲ್ಲೇ ದಾನವಿತ್ತು, ಬಡವರೂ ಇದ್ದರು. ಆದರೆ ಅವರಿದ್ದದ್ದು ಅಂಚಿನಲ್ಲಿ, ಬರೀ ಚಿತ್ರವಾಗಿ. ಹೆಸರು ಬರೆಯುವ ಜಾಗದಲ್ಲಿ ಅವರ ಹೆಸರು ಬೀಳುವ ಸಂಭವವೇ ಇರಲಿಲ್ಲ.

ನೂರಾ ಆರು ವರ್ಷ ಕಳೆದು, 1949ರಲ್ಲಿ, ಅಂಚಿನಲ್ಲಿದ್ದವರು ನಡುವಿಗೆ ಬಂದರು. ಎರಡನೇ ಮಹಾಯುದ್ಧದಲ್ಲಿ ನಲುಗಿದ ಮಕ್ಕಳಿಗಾಗಿ ವಿಶ್ವಸಂಸ್ಥೆ 1946ರಲ್ಲಿ ಯುನಿಸೆಫ್ ಕಟ್ಟಿತ್ತು. ಅದರ ನೆರವು ಪಡೆದ ಜೆಕೊಸ್ಲೊವಾಕಿಯಾದ ಹಳ್ಳಿಯೊಂದರಲ್ಲಿ ಯಿಟ್ಕಾ ಸಾಮ್ಕೋವಾ ಎಂಬ ಏಳು ವರ್ಷದ ಹುಡುಗಿ ಥ್ಯಾಂಕ್ಸ್ ಹೇಳಲು ಒಂದು ಚಿತ್ರ ಬರೆದಳು. ಎತ್ತರದ ಕಂಬದ ಸುತ್ತ ಮಕ್ಕಳು ಕುಣಿಯುತ್ತಿದ್ದಾರೆ. ಕಾಗದ ಸಿಗದ ಕಾಲ. ಅವಳು ಬರೆದದ್ದು ಗಾಜಿನ ತುಂಡಿನ ಮೇಲೆ. ಅದೇ ಯುನಿಸೆಫ್‌ನ ಮೊದಲ ಶುಭಾಶಯ ಪತ್ರವಾಯಿತು. ಆಮೇಲೆ ಅಂಥ ಕಾರ್ಡುಗಳ ಮಾರಾಟದಿಂದ ದಶಕಗಳ ಕಾಲ ಬೇರೆ ಮಕ್ಕಳಿಗೆ ಹಣ ಕೂಡಿತು. ನಮ್ಮಲ್ಲಿ 1979ರಲ್ಲಿ ರಿಪ್ಪನ್ ಕಪೂರ್ ಮತ್ತು ಗೆಳೆಯರು 50 ರೂಪಾಯಿ ಇಟ್ಟುಕೊಂಡು ಶುರುಮಾಡಿದ ‘ಕ್ರೈ’ ಸಂಸ್ಥೆಯೂ ಕಾರ್ಡು ಮಾರಿಯೇ ಮನೆಮಾತಾದದ್ದು. ಆ ಲೆಕ್ಕವೆಲ್ಲ ಸರಿ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಗಾಜಿನ ತುಂಡು. ಬರೆಯಲು ಹಾಳೆಯೂ ಇಲ್ಲದ ಮಗುವಿಗೆ ಹಾಲು, ಬೂಟು, ಔಷಧ ಬೇಕಿತ್ತು ಎಂದು ಲೋಕಕ್ಕೆ ತಿಳಿದಿತ್ತು. ಅವಳಿಗೆ ತಿರುಗಿ ಏನನ್ನಾದರೂ ಕೊಡುವುದೂ ಬೇಕಿತ್ತೆಂದು ಯಾವ ಪಟ್ಟಿಯಲ್ಲೂ ಬರೆದಿರಲಿಕ್ಕಿಲ್ಲ.

ಮೂರನೆಯ ಬಗೆಯ ಕಾರ್ಡು ನಮ್ಮ ಕಾಲದ್ದು. ಅಮೆರಿಕದ ‘ಆಪರೇಷನ್ ರೈಟ್ ಹೋಮ್’ ಎಂಬ ಸಂಘಟನೆ ಊರೂರಿನ ಹವ್ಯಾಸಿಗಳು ಕೈಯಲ್ಲಿ ಮಾಡಿದ ಕಾರ್ಡುಗಳನ್ನು ಕೂಡಿಸಿ ಪರದೇಶದಲ್ಲಿದ್ದ ಸೈನಿಕರಿಗೆ ಕಳಿಸುತ್ತಿತ್ತು. ಅವುಗಳಲ್ಲಿ ಬಹುಪಾಲು ಕಾರ್ಡುಗಳ ಒಳಪುಟ ಖಾಲಿ. ಸೈನಿಕರು ಓದಿ ಎತ್ತಿಡಲು ಕಳಿಸಿದ್ದಲ್ಲ ಅವು. ಹೆಂಡತಿಗೆ, ಮಗಳ ಹುಟ್ಟುಹಬ್ಬಕ್ಕೆ, ತಾಯಿಗೆ ಅವರೇ ಬರೆದು ಕಳಿಸಲಿ ಎಂದು. ಕೊಟ್ಟವರ ಮಾತು ಅಲ್ಲಿ ಇಲ್ಲ. ಪಡೆದವರ ಮಾತಿಗೆ ಜಾಗ ಇದೆ.

ಅಂಚಿನಲ್ಲಿ ಚಿತ್ರವಾಗಿದ್ದವರು ತಾವೇ ಚಿತ್ರ ಬರೆದರು, ಆಮೇಲೆ ಕಾಗದದ ‘ಇಂದ’ ಎಂಬಲ್ಲಿ ಕೂತರು. ಇದು ನಮಗೆ ಪರದೇಶದಿಂದ ಬರಬೇಕಾದ ತಿಳಿವೂ ಅಲ್ಲ. ನೆರೆಮನೆಯಿಂದ ಸಾರು ಬಂದ ಪಾತ್ರೆಯನ್ನು ನಮ್ಮ ಹಳ್ಳಿಗಳಲ್ಲಿ ಬರಿದಾಗಿ ಹಿಂದಿರುಗಿಸುವುದಿಲ್ಲ. ಏನಿಲ್ಲದಿದ್ದರೂ ಒಂದು ಚೂರು ಬೆಲ್ಲ, ಹಿತ್ತಲಿನ ನಾಲ್ಕು ನಿಂಬೆಹಣ್ಣು ಹಾಕಿ ಕೊಡುತ್ತಾರೆ. ಸಂಕ್ರಾಂತಿಯಲ್ಲಿ ಎಳ್ಳು ಬೀರಲು ಬಂದ ಹುಡುಗಿಯ ತಟ್ಟೆಯೂ ಖಾಲಿ ಹೋಗದು. ಬೆಲ್ಲದ ಬೆಲೆ ಅಲ್ಲಿ ಮುಖ್ಯವಲ್ಲ. ಪಡೆದವರ ತಲೆ ತಗ್ಗಬಾರದು, ಅಷ್ಟೇ. ದಾನ ಕೊಡುವಾಗ ಮಾತ್ರ ಈ ನಡತೆಯನ್ನು ನಾವು ಮರೆಯುತ್ತೇವೆ. ಕಂಬಳಿ ಕೊಟ್ಟು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತೇವೆ. ಪಾತ್ರೆಗೆ ಬೆಲ್ಲ ಹಾಕಲು ಅವರಿಗೆ ಹೊತ್ತೇ ಕೊಡುವುದಿಲ್ಲ.

ಕುಂದಾಣದಲ್ಲಿ ಕೂತು ಇಂಥ ಕಾರ್ಡು ಮಾಡಲು ಹೊರಟವರಿಗೆ ಸಾಮಾನು ಊರಿನಲ್ಲೇ ಇದೆ. ಇದು ಹಿಪ್ಪುನೇರಳೆ ಸೀಮೆ. ವಿಜಯಪುರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳು ದೂರವಿಲ್ಲ. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟುವ ಚಂದ್ರಂಕಿಗೆ ಏರಿ ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ಎರಡು ಮೂರು ದಿನದಲ್ಲಿ ಗೂಡು ಮುಗಿಸುತ್ತದೆ. ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಉದ್ದದ ಕಡಿಯದ ಎಳೆ. ಬಿತ್ತನೆ ಕೋಠಿಯಲ್ಲಿ ಮಾತ್ರ ಹುಳುವನ್ನು ಸಾಯಿಸದೆ ಚಿಟ್ಟೆಯಾಗಲು ಬಿಡುತ್ತಾರೆ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡಿನಿಂದ ರೀಲರಿಗೆ ನೂಲು ಬಿಚ್ಚಲಾಗದು. ಆ ಗೂಡನ್ನು ಕತ್ತರಿಸಿ, ಬಣ್ಣ ಹಾಕಿ ಹಾರ, ಹೂಗುಚ್ಛ, ಶುಭಾಶಯ ಪತ್ರ ಮಾಡುವ ಕಸುಬು ರೇಷ್ಮೆ ನಾಡಿನಲ್ಲಿದೆ. ಬೆರಳಿಗೆ ಗಟ್ಟಿ, ನೋಟಕ್ಕೆ ನಯ. ಎಸಳಾಗಲು ಹೇಳಿ ಮಾಡಿಸಿದ ವಸ್ತು. ಒಂದು ಜೀವ ಬದುಕಿ ಹೊರಟುಹೋದ ಮನೆಯಿಂದ ಮಾಡಿದ ಹೂವನ್ನು ಕಾಯಿಲೆಯಿಂದ ಎದ್ದವರ ಕಾರ್ಡಿಗೆ ಅಂಟಿಸಬಹುದು. ಅದಕ್ಕೆ ವಿವರಣೆ ಬೇಕಿಲ್ಲ.

ಕಷ್ಟವೆಲ್ಲ ಒಳಪುಟದಲ್ಲೇ. ಕಾರ್ಡು ಮಾಡಿದವರ ಕೈ ತಾನಾಗಿ ‘ಬೇಗ ಗುಣವಾಗಲಿ’, ‘ಧೈರ್ಯವಾಗಿರಿ’ ಎಂದು ಬರೆಯಲು ಹೋಗುತ್ತದೆ. ಅಷ್ಟು ಹೊತ್ತು ದುಡಿದು ಕೊನೆಗೆ ನಮ್ಮ ಹೆಸರನ್ನೂ ಹಾಕದೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಒಂದೆರಡರಲ್ಲಿ ಬೇಕಾದರೆ ಬರೆಯೋಣ, ಉಳಿದವು ಖಾಲಿ ಇರಲಿ. ಜೊತೆಗೆ ಒಂದು ಲಕೋಟೆ, ಐದು ರೂಪಾಯಿಯ ಅಂಚೆಚೀಟಿ, ಒಂದು ಪೆನ್ನು. ಅದು ಗಂಡನ ಮನೆಯಲ್ಲಿರುವ ಮಗಳಿಗೆ ಹೋಗಬಹುದು, ರಾತ್ರಿಪಾಳಿಯ ನರ್ಸಮ್ಮನಿಗೆ ಹೋಗಬಹುದು, ಮುನಿಸಿಕೊಂಡು ಮಾತು ಬಿಟ್ಟ ತಮ್ಮನಿಗೂ ಹೋಗಬಹುದು. ನಮಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಿಲ್ಲ.

ಬರೆಯಲು ಬಾರದವರ ಪಕ್ಕದಲ್ಲಿ ಬರೆದುಕೊಡಲು ಒಬ್ಬರು ಕೂರಬೇಕು. ‘ನಂಗೇನ್ ಗೊತ್ತಾಯ್ತದೆ, ನೀನೇ ಏನಾದ್ರೂ ಬರ್ದಾಕವ್ವ’ ಎಂದು ಅಜ್ಜಿ ಅಂದೇ ಅನ್ನುತ್ತಾಳೆ. ಆಗ ಬರೆದುಬಿಡಬಾರದು. ಕೇಳುವ ಮಾತು ಅವಳಿಗೆ ಬಾಯಿಪಾಠವಾಗಿದೆ, ಹರಸುವ ಮಾತು ಬಾಯಿಗೆ ಬರಲು ತುಸು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಪೆನ್ನು ಹಿಡಿದು ಕಾಯುವುದು ಕಾರ್ಡು ಮಾಡುವುದಕ್ಕಿಂತ ಕಷ್ಟದ ಕೆಲಸ, ಕಾರ್ಡಿಗಿಂತ ದೊಡ್ಡ ಕೊಡುಗೆ ಕೂಡ.