ಕೋಲು ಕಳುಹಿಸಿದರೆ ಸಾಲದು

 

ಈ ದಿನ ನಾವು ಧ್ಯಾನಿಸುವ ವಾಕ್ಯಭಾಗ 2 ಅರಸುಗಳು 4ನೇ ಅಧ್ಯಾಯ, 18ರಿಂದ 37ನೇ ವಚನ. ಬೈಬಲ್ ತೆರೆದುಕೊಳ್ಳಿ, ಮೊಬೈಲ್‌ನಲ್ಲಿದ್ದರೂ ಪರವಾಗಿಲ್ಲ.

ಶೂನೇಮ್ ಊರಿನ ಒಂದು ಮನೆ. ಮಕ್ಕಳಿಲ್ಲದೆ ಇದ್ದವರಿಗೆ ದೇವರು ಕೊಟ್ಟ ಮಗ. ಸುಗ್ಗಿಯ ಕಾಲ. ಹುಡುಗ ತಂದೆಯನ್ನು ಹುಡುಕಿಕೊಂಡು ಹೊಲಕ್ಕೆ ಹೋದ. ಅಲ್ಲಿ ತಲೆ ನೋಯುತ್ತಿದೆ ಅಂತ ಕೂಗಿದ. ತಂದೆ ಏನು ಮಾಡಿದ? ಆಳನ್ನು ಕರೆದು, ಇವನನ್ನು ತಾಯಿಯ ಹತ್ತಿರ ಹೊತ್ತುಕೊಂಡು ಹೋಗು ಅಂದ. ಅಷ್ಟೇ. ಆತ ಮಗುವಿನ ಜೊತೆ ಮನೆಗೆ ಬಂದ ಅಂತ ಈ ಅಧ್ಯಾಯದಲ್ಲಿ ಎಲ್ಲೂ ಬರೆದಿಲ್ಲ. ಮಧ್ಯಾಹ್ನದ ತನಕ ಹುಡುಗ ತಾಯಿಯ ತೊಡೆಯ ಮೇಲಿದ್ದ, ಆಮೇಲೆ ತೀರಿಕೊಂಡ.

ಪ್ರಿಯರೇ, ಆತ ಕೆಟ್ಟ ತಂದೆ ಅಂತ ನಾನು ಹೇಳ್ತಿಲ್ಲ. ಸುಗ್ಗಿ ಕೆಟ್ಟರೆ ವರ್ಷದ ಅನ್ನ ಹೋಗುತ್ತೆ. ನಮಗೂ ಸುಗ್ಗಿ ಇದೆ ಅಲ್ವಾ? ರಿಲೀಸ್, ಆಡಿಟ್, ನೈಟ್ ಶಿಫ್ಟ್. ಬೆಳಿಗ್ಗೆ ಹನ್ನೊಂದಕ್ಕೆ ಸ್ಕೂಲ್‌ನಿಂದ ಫೋನ್ ಬರುತ್ತೆ, "ಸರ್, ಮಗುಗೆ ಜ್ವರ, ವಾಂತಿ ಆಗಿದೆ, ಬಂದು ಕರ್ಕೊಂಡು ಹೋಗಿ." ಅಪ್ಪನ ಬಾಯಿಂದ ಬರೋದು ಅದೇ ಹಳೇ ಮಾತು, "ಅವರ ಅಮ್ಮನಿಗೆ ಫೋನ್ ಮಾಡಿ ಮೇಡಂ." ಅಮ್ಮ ಎಲ್ಲಿದ್ದಾಳೆ? ಅವಳೂ ವೈಟ್‌ಫೀಲ್ಡ್‌ನಲ್ಲಿ ಮೀಟಿಂಗ್‌ನಲ್ಲಿ ಕೂತಿದ್ದಾಳೆ!

ನಮ್ಮ ನಿಯಮಗಳೂ ಹೀಗೇ ಇವೆ. ಕೇಂದ್ರ ಸರ್ಕಾರ ತನ್ನ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆ ಇಡೀ ಸೇವಾವಧಿಯಲ್ಲಿ 730 ದಿನ ರಜೆ ಕೊಡುತ್ತೆ. ಗಂಡಸರಿಗೆ ಸಿಗೋದು ಅವರು ಒಂಟಿ ತಂದೆಯಾಗಿದ್ದರೆ ಮಾತ್ರ. ಅಂದರೆ ಹೆಂಡತಿ ಇರುವವನಿಗೆ ಇವತ್ತೂ ಅದೇ ಉತ್ತರ: ತಾಯಿಯ ಹತ್ತಿರ ಕಳಿಸು. ಆದರೆ ಯಾಯೀರನನ್ನು ನೋಡಿ. ಸಭಾಮಂದಿರದ ಅಧಿಕಾರಿ, ದೊಡ್ಡ ಸ್ಥಾನ. ಮಗಳಿಗೆ ಕಾಯಿಲೆ ಅಂದಾಗ ಆಳನ್ನು ಕಳಿಸಲಿಲ್ಲ. ತಾನೇ ಹೋಗಿ, ಜನರ ಗುಂಪಿನ ನಡುವೆ ಯೇಸುವಿನ ಪಾದಕ್ಕೆ ಬಿದ್ದ. ಹಲ್ಲೆಲೂಯಾ!

ಈಗ ಶೂನೇಮಿಗೆ ವಾಪಸ್ ಬರೋಣ. ತಾಯಿ ಕತ್ತೆ ಏರಿ ಕರ್ಮೆಲ್ ಬೆಟ್ಟಕ್ಕೆ ಓಡಿದಳು. ಎಲೀಷ ಮೊದಲು ಗೇಹಜಿಯ ಕೈಯಲ್ಲಿ ತನ್ನ ಕೋಲು ಕಳುಹಿಸಿದ. ಗೇಹಜಿ ಅದನ್ನು ಹುಡುಗನ ಮುಖದ ಮೇಲಿಟ್ಟ. ಮಗು ಏಳಲಿಲ್ಲ. ಪ್ರವಾದಿಯ ಕೋಲೇ ಆದರೂ ಏಳಲಿಲ್ಲ! ತಾಯಿ ಮಾತ್ರ, ನೀವು ಬರದೆ ನಾನು ಹೋಗಲ್ಲ ಅಂತ ಹಿಡಿದಳು. ಎಲೀಷ ತಾನೇ ಬಂದ, ಬಾಗಿಲು ಹಾಕಿ ಪ್ರಾರ್ಥಿಸಿದ, ಆ ಮಗುವಿನ ಮೇಲೆ ಬೋರಲಾದ. ಆಗ ತಣ್ಣಗಾದ ಮೈ ಬೆಚ್ಚಗಾಯಿತು. ಜೀವ ಕೊಟ್ಟವನು ದೇವರು. ಆದರೆ ಎಲೀಷ ಹತ್ತಿರ ಬರಬೇಕಾಯಿತು.

ನಾವು ಎಷ್ಟು ಕೋಲು ಕಳಿಸ್ತೀವಿ! ಗ್ರೂಪ್‌ನಲ್ಲಿ "ಪ್ಲೀಸ್ ಪ್ರೇ" ಅಂತ ಹಾಕಿ ಮತ್ತೆ ಲ್ಯಾಪ್‌ಟಾಪ್ ನೋಡ್ತೀವಿ. ಪ್ರಾರ್ಥಿಸಬೇಡಿ ಅಂತಲ್ಲ. ಎದ್ದು ಹೊರಡಿ, ದಾರಿಯುದ್ದಕ್ಕೂ ಪ್ರಾರ್ಥಿಸಿ.

ಮೂರು ಮಾತು ನೆನಪಿಡಿ.

ಒಂದು, ಬೆಳಿಗ್ಗೆ ಮೈ ಬಿಸಿ ಇದ್ದರೆ ಪ್ಯಾರಾಸಿಟಮಾಲ್ ಕುಡಿಸಿ ಸ್ಕೂಲ್ ವ್ಯಾನ್ ಹತ್ತಿಸಬೇಡಿ. ಅದರ ಬಲ ನಾಲ್ಕರಿಂದ ಆರು ಗಂಟೆ. ಜ್ವರ ಮರೆಯಾಗುತ್ತೆ, ಸೋಂಕು ಹೋಗಲ್ಲ. ಔಷಧಿ ಇಲ್ಲದೆ 24 ಗಂಟೆ ಜ್ವರ ಬರದಿದ್ದ ಮೇಲೆ ಕಳಿಸಿ. ಪಕ್ಕದ ಬೆಂಚಿನ ಮಗುವೂ ನಮ್ಮ ನೆರೆಯವನೇ.

ಎರಡು, ಈ ವಾರ ಯಾವ ದಿನ ಯಾರು ಹೊರಡಬೇಕು ಅಂತ ಗಂಡ ಹೆಂಡತಿ ಇವತ್ತೇ ಕೂತು ತೀರ್ಮಾನಿಸಿ. ಇಬ್ಬರ ನಂಬರೂ ಸ್ಕೂಲ್‌ನಲ್ಲಿ ಇರಲಿ. ಆ ನಂಬರ್ ಮೀಟಿಂಗ್‌ನಲ್ಲಿ ಸೈಲೆಂಟ್ ಆಗಬಾರದು.

ಮೂರು, ವೈದ್ಯರ ಹತ್ತಿರ ಹೋಗೋದು ಅವಿಶ್ವಾಸ ಅಲ್ಲ. ಇದೇ ಪುಸ್ತಕದ 20ನೇ ಅಧ್ಯಾಯದಲ್ಲಿ ಹಿಜ್ಕೀಯನ ಕಣ್ಣೀರಿನ ಪ್ರಾರ್ಥನೆಯೂ ಇದೆ, ಹುಣ್ಣಿಗೆ ಹಚ್ಚಿದ ಅಂಜೂರದ ಉಂಡೆಯೂ ಇದೆ. ಮಗುವಿಗೆ ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ, ಎಚ್ಚರ ತಪ್ಪಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಆದರೆ ಗಾರ್ಮೆಂಟ್ಸ್ ಲೈನಿನಲ್ಲಿ ನಿಂತಿರುವ ತಂಗಿ ಏಳೋಕಾಗಲ್ಲ. ಒಬ್ಬಂಟಿಯಾಗಿ ಮಗು ಸಾಕುವ ಅಕ್ಕನಿಗೆ ಇನ್ನೊಂದು ನಂಬರೇ ಇಲ್ಲ. ಅಂಥವರ ಮೇಲೆ ತಪ್ಪು ಹೊರಿಸೋಕೆ ನಾನು ಈ ವಾಕ್ಯ ತೆರೆದಿಲ್ಲ. ಮದುವೆಯಾಗದ ಯೌವನಸ್ಥರೇ, ಈ ಸಂದೇಶ ನಮಗಲ್ಲ ಅಂತ ಕೂತಿದ್ದೀರಲ್ಲ, ನಿಮಗೇ! ಮನೆಯಿಂದ ಕೆಲಸ ಮಾಡುವವರು, ಗಾಡಿ ಇರುವವರು, ಪರಿಚಯದ ಒಂದು ಕುಟುಂಬಕ್ಕೆ ಮೂರನೆಯ ಹೆಸರಾಗಿ. ತಂದೆತಾಯಿಗಳು ಒಪ್ಪಿ, ಸ್ಕೂಲ್‌ಗೆ ಬರೆದುಕೊಟ್ಟು, ಮಗುವಿಗೂ ನಿಮ್ಮ ಗುರುತು ಚೆನ್ನಾಗಿರಬೇಕು, ಅದು ಮರೆಯಬೇಡಿ.

ಕಣ್ಣು ಮುಚ್ಚೋಣ. ಪರಲೋಕದ ತಂದೆಯೇ, ನೀನು ದೂರದಿಂದ ಮಾತು ಕಳುಹಿಸಿ ಸುಮ್ಮನಾಗಲಿಲ್ಲ, ನಿನ್ನ ಮಗನನ್ನೇ ನಮ್ಮ ನಡುವೆ ಕಳುಹಿಸಿದೆ. ನಮ್ಮ ಮಕ್ಕಳು ಕರೆದಾಗ ಎದ್ದು ಹೋಗುವ ಮನಸ್ಸನ್ನು ಈ ಸಭೆಯ ಪ್ರತಿ ತಂದೆಗೂ ತಾಯಿಗೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.