ಪಟ್ಟಿಯ ಮೊದಲ ಸಾಲು ಯಾರದು?



ಮೊದಲ ಸಲ ಮಾಲೆ ಹಾಕುವ ಕನ್ನಿ ಸ್ವಾಮಿಗಳು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದೇ: "ಆಫೀಸು, ರೈಲು, ಅಡುಗೆ, ಎರಡು ಹೊತ್ತಿನ ಸ್ನಾನ, ಪೂಜೆ, ರಾತ್ರಿ ಭಜನೆ. ಇಷ್ಟೆಲ್ಲ 24 ಗಂಟೆಯೊಳಗೆ ಹೇಗೆ ಹಿಡಿಸೋದು ಸ್ವಾಮಿ?" ದಿನವನ್ನು ಹೊಂದಿಸಿಕೊಳ್ಳುವುದು ಹೇಗೆ, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂದು ನಾನೂ ನನ್ನ ಮಟ್ಟಿಗೆ ಒಂದಷ್ಟು ಪ್ರಯೋಗ ಮಾಡಿದ್ದೇನೆ. ಅದನ್ನೇ ಬರೆಯೋಣ ಎಂದು ಕೂತರೆ ಮತ್ತೆ ಮತ್ತೆ ಕಳೆದ ವರ್ಷ ನಾನು ಮಾಡಿದ ಒಂದು ತಪ್ಪೇ ನೆನಪಾಗುತ್ತದೆ. ಹಾಗಾಗಿ ಅದನ್ನೇ ಬರೆಯುತ್ತೇನೆ.

ನಾನು ಗಂಗಾವತಿ ಕಡೆಯವನು. ಡಿಪ್ಲೊಮಾ ಮುಗಿಸಿ ನವಿ ಮುಂಬೈಗೆ ಬಂದು ನಾಲ್ಕು ವರ್ಷವಾಯಿತು. ಘನ್ಸೋಲಿಯಲ್ಲಿ ರೂಮು, ಐರೋಲಿಯಲ್ಲಿ ಐಟಿ ಸಪೋರ್ಟ್ ಕೆಲಸ. ಒಬ್ಬರ ಲ್ಯಾಪ್‌ಟಾಪ್ ಆನ್ ಆಗುವುದಿಲ್ಲ, ಇನ್ನೊಬ್ಬರು ಪಾಸ್‌ವರ್ಡ್ ಮರೆತಿದ್ದಾರೆ, ಮೂರನೇ ಮಹಡಿಯ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡಿದೆ. ಇವೆಲ್ಲ ನಮ್ಮ ಹತ್ತಿರ ಟಿಕೆಟ್ ಆಗಿ ಬರುತ್ತವೆ. ಬಂದ ತಕ್ಷಣ ಪ್ರತಿ ಟಿಕೆಟ್‌ಗೂ ಪಿ1ರಿಂದ ಪಿ4ರವರೆಗೆ ಒಂದು ನಂಬರು ಬೀಳುತ್ತದೆ. ಪಿ1 ಅಂದರೆ ಎಲ್ಲ ಬಿಟ್ಟು ಓಡಬೇಕು. ಪಿ4 ಅಂದರೆ ನಿಧಾನಕ್ಕೆ ನೋಡಿದರಾಯಿತು, ನಮ್ಮಲ್ಲಿ ಅದಕ್ಕೆ 5 ಕೆಲಸದ ದಿನಗಳ ಗಡುವು.

ಈ ನಂಬರು ಯಾರೋ ಮನಸ್ಸಿಗೆ ಬಂದಂತೆ ಕೊಡುವುದಲ್ಲ. ಐಟಿಐಎಲ್ ಎಂಬ ಪದ್ಧತಿ ಇದೆ, 1980ರ ದಶಕದಲ್ಲಿ ಬ್ರಿಟನ್ ಸರ್ಕಾರದ ಒಂದು ಸಂಸ್ಥೆ ರೂಪಿಸಿದ್ದು. ಈಗ ಐಟಿ ಸಪೋರ್ಟ್ ಮಾಡುವವರು ಬಹಳಷ್ಟು ಕಡೆ ಅದನ್ನೇ ಅನುಸರಿಸುತ್ತಾರೆ. ಅದರ ಲೆಕ್ಕ ಸರಳ. ತೊಂದರೆ ಎಷ್ಟು ದೊಡ್ಡದು, ಎಷ್ಟು ಬೇಗ ಸರಿಯಾಗಬೇಕು, ಈ ಎರಡನ್ನೂ ಕೂಡಿಸಿ ನೋಡಿದರೆ ಆದ್ಯತೆ ಸಿಗುತ್ತದೆ. ಸರ್ವರ್ ಬಿದ್ದು 300 ಜನ ಕೈ ಕಟ್ಟಿ ಕೂತಿದ್ದರೆ ಪಿ1. ಒಬ್ಬರಿಗೆ ಮಾತ್ರ ತೊಂದರೆ, ಅದಕ್ಕೂ ಬೇರೆ ದಾರಿ ಇದೆ ಅಂದರೆ ಪಿ4.

ಕಳೆದ ವರ್ಷ ನವೆಂಬರ್‌ನಲ್ಲಿ ಎರಡನೇ ಸಲ ಮಾಲೆ ಹಾಕಿದೆ. ಮಾಲೆಗೆ ಮುಂಚೆ ಅಲಾರಾಂ ಮೂರು ಸಲ ಮುಂದೂಡಿ, ಹಾಸಿಗೆಯಲ್ಲೇ ಅರ್ಧ ಗಂಟೆ ಮೊಬೈಲ್ ನೋಡಿ, ಓಡೋಡಿ ರೈಲು ಹಿಡಿಯುತ್ತಿದ್ದವನು ನಾನು. ಮಾಲೆ ಹಾಕಿದ ಮೇಲೆ ನಾಲ್ಕಕ್ಕೆ ಏಳಲೇಬೇಕು, ತಣ್ಣೀರು ಸ್ನಾನ, ದೀಪ, ಶರಣು. ಆರೂಕಾಲಿಗೆ ಸ್ಟೇಷನ್. ಏಳರಿಂದ ನಾಲ್ಕರವರೆಗೆ ಶಿಫ್ಟು. ಒಂದೇ ವಾರದಲ್ಲಿ ಆಶ್ಚರ್ಯ! ಸಮಯ ಸಾಲುತ್ತಿಲ್ಲ ಎನ್ನುತ್ತಿದ್ದವನಿಗೆ ಸಮಯ ಉಳಿಯತೊಡಗಿತು. ತಲೆ ಹಗುರ, ಹರಟೆ ಕಮ್ಮಿ. ದಿನಕ್ಕೆ 14 ಟಿಕೆಟ್ ಮುಗಿಸುತ್ತಿದ್ದವನು 20 ಮುಗಿಸತೊಡಗಿದೆ. ಟೀಮ್ ಲೀಡ್ ಎಲ್ಲರೆದುರು ಹೆಸರು ಹೇಳಿ ಹೊಗಳಿದರು. "ವ್ರತದ ಮಹಿಮೆ ನೋಡಪ್ಪಾ" ಎಂದು ನನಗೆ ನಾನೇ ಹೇಳಿಕೊಂಡೆ.

ಆ ದಿನಗಳಲ್ಲೇ ಒಂದು ಸೋಮವಾರ ಒಂದು ಪಿ4 ಟಿಕೆಟ್ ಬಂತು. ಹೌಸ್‌ಕೀಪಿಂಗ್‌ನ ಒಬ್ಬರ ಹೆಬ್ಬೆರಳನ್ನು ಹಾಜರಿಯ ಥಂಬ್ ಮಷಿನ್ ಗುರುತು ಹಿಡಿಯುತ್ತಿಲ್ಲ. ವರ್ಷಗಟ್ಟಲೆ ಫಿನಾಯಿಲ್, ಆಸಿಡ್ ಹಿಡಿದು ನೆಲ ಉಜ್ಜಿದ ಕೈಯಲ್ಲಿ ಬೆರಳಿನ ಗೆರೆ ಸವೆದಿರುತ್ತದೆ, ಮಷಿನ್‌ಗೆ ಕಾಣುವುದಿಲ್ಲ. ತೊಂದರೆ ಒಬ್ಬರಿಗೆ. ಬೇರೆ ದಾರಿಯೂ ಇದೆ, ಸೆಕ್ಯುರಿಟಿ ಹತ್ತಿರ ರಿಜಿಸ್ಟರ್‌ನಲ್ಲಿ ಸಹಿ ಮಾಡಬಹುದು. ಹಾಗಾಗಿ ಪಿ4.

ಆ ಅಕ್ಕನನ್ನು ನಾನು ಬಲ್ಲೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಆಫೀಸಿನಲ್ಲಿ ಎಲ್ಲರೂ ಮಾವಶಿ ಎನ್ನುತ್ತಾರೆ. ನಾನೊಬ್ಬ ಅಕ್ಕಾ ಎನ್ನುತ್ತೇನೆ, ಅವರು ನನ್ನ ಕಪ್ಪು ಬಟ್ಟೆ ನೋಡಿ ಸ್ವಾಮಿ ಎನ್ನುತ್ತಾರೆ. ಆದರೂ ನಾನು ಆ ಟಿಕೆಟ್ ಮುಟ್ಟಲಿಲ್ಲ. ಅದಕ್ಕೆ ಕೆಳಗಿನ ಮಹಡಿಗೆ ಹೋಗಬೇಕು, ಅವರನ್ನು ಹುಡುಕಿ ಕರೆಯಬೇಕು, ಒಂದೊಂದೇ ಬೆರಳು ಇಟ್ಟು ನೋಡಬೇಕು. ಅಷ್ಟು ಹೊತ್ತಿನಲ್ಲಿ ಕೂತಲ್ಲೇ ಐದಾರು ಪಾಸ್‌ವರ್ಡ್ ಟಿಕೆಟ್ ಮುಗಿಸಬಹುದು. ಮಂಗಳವಾರ ಹೋಯಿತು, ಬುಧವಾರ ಹೋಯಿತು, ಗುರುವಾರವೂ ಹೋಯಿತು. ಶುಕ್ರವಾರ ಗಡುವು ಬಂದಾಗ ಇಳಿದು ಹೋದೆ. ಎಡಗೈ ಉಂಗುರ ಬೆರಳನ್ನು ಮಷಿನ್ ಒಪ್ಪಿಕೊಂಡಿತು. ಎಲ್ಲ ಸೇರಿ 20 ನಿಮಿಷದ ಕೆಲಸ. ಟಿಕೆಟ್ ಗಡುವಿನೊಳಗೇ ಮುಗಿಯಿತು, ನನ್ನ ಪರದೆಯ ಮೇಲೆ ಅದರ ಮುಂದೆ ಹಸಿರು ಬಣ್ಣ ಬಂತು.

ಡಿಸೆಂಬರ್‌ನಲ್ಲಿ ಸಂಬಳ ಆದ ಮೇಲೆ ಆ ಅಕ್ಕ ನನ್ನ ಟೇಬಲ್ ಹತ್ತಿರ ಬಂದು ನಿಂತರು. ಸೋಮವಾರದಿಂದ ಗುರುವಾರದವರೆಗೆ ನಾಲ್ಕು ದಿನ ಗೈರುಹಾಜರಿ ಎಂದು ಗುತ್ತಿಗೆದಾರರು ಪಗಾರ ಹಿಡಿದಿದ್ದರು. ರಿಜಿಸ್ಟರ್‌ನಲ್ಲಿ ಮಾಡಿದ ಸಹಿ ಸಂಬಳದ ಲೆಕ್ಕಕ್ಕೆ ಹೋಗಿಯೇ ಇರಲಿಲ್ಲ. ರೂಮಿನ ಬಾಡಿಗೆಗೆ ಅವರು ಸಾಲ ತಂದಿದ್ದರು. ನಾನು ತಡವರಿಸಿ, "ಅಕ್ಕಾ, ನಾನು ಮೊದಲೇ ನೋಡಬೇಕಿತ್ತು" ಎಂದೆ. ಅವರು, "ಇರ್ಲಿ ಬಿಡ್ರಿ ಸ್ವಾಮಿ, ನಿಮಗೂ ಕೆಲಸ ಭಾಳ ಇರ್ತಾವು. ಅದರಾಗ ವ್ರತಾನೂ ಹಿಡದೀರಿ" ಎಂದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಅವತ್ತೇ ಸಿಸ್ಟಮ್‌ನಿಂದ ದಾಖಲೆ ತೆಗೆದೆ. ಮಷಿನ್ ಕೆಟ್ಟಿತ್ತು, ಆಕೆ ಬಂದಿದ್ದರು ಎಂದು ರಿಜಿಸ್ಟರ್‌ನ ಫೋಟೋ ಸಮೇತ ಕಳಿಸಿದೆ. ಮುಂದಿನ ತಿಂಗಳ ಪಗಾರದಲ್ಲಿ ಆ ದುಡ್ಡು ಬಂತು. ಆದರೆ ಆ ಒಂದು ತಿಂಗಳು ಸಾಲದ ಮುಜುಗರ ಅನುಭವಿಸಿದವರು ಅವರು, ಶಭಾಷ್ ಅನ್ನಿಸಿಕೊಂಡವನು ನಾನು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆದ್ಯತೆಯ ಪಟ್ಟಿ ಕೆಟ್ಟದ್ದಲ್ಲ. ಯಾರ ಮುಖ ಸಪ್ಪಗಿದೆಯೋ ಅವರ ಹಿಂದೆ ನಾನು ಓಡಿದರೆ, ಸರ್ವರ್ ಬಿದ್ದ ದಿನ 300 ಜನ ಕಾಯುತ್ತಾರೆ. ಅವರಿಗೂ ಮನೆ ಮಠ ಇದೆ. ಬರೀ ಕರುಣೆ ಇಟ್ಟುಕೊಂಡು ಯಾವ ಕ್ಯೂ ನಡೆಸಲೂ ಆಗುವುದಿಲ್ಲ. ಬಹಳ ದಿನ ನಾನು ಇದನ್ನೇ ಹೇಳಿಕೊಂಡು ಸಮಾಧಾನಪಟ್ಟೆ. ನಿಯಮದಂತೆ ನಡೆದೆ, ಗಡುವಿನೊಳಗೆ ಮುಗಿಸಿದೆ, ತಪ್ಪು ರಿಜಿಸ್ಟರ್ ನೋಡದವರದು.

ಆದರೆ ಒಂದು ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನಿಯಮ 5 ದಿನದೊಳಗೆ ಮಾಡು ಅಂದಿತ್ತು, ಮೊದಲ ದಿನ ಮಾಡಬೇಡ ಅಂದಿರಲಿಲ್ಲವಲ್ಲ? ಆ ವಾರ ಒಂದೂ ಪಿ1 ಬಂದಿರಲಿಲ್ಲ. ಅಕ್ಕನ ಟಿಕೆಟ್ ಹಿಂದೆ ಬಿದ್ದದ್ದು ಸರ್ವರ್‌ಗಾಗಿ ಅಲ್ಲ, ನನ್ನ 20ರ ಲೆಕ್ಕಕ್ಕಾಗಿ. ಎಷ್ಟೇ ಕಟ್ಟುನಿಟ್ಟಿನ ಕೆಲಸದಲ್ಲೂ ನಮ್ಮ ಕೈಗೆ ಬಿಟ್ಟ ಸ್ವಲ್ಪ ಜಾಗ ಇರುತ್ತದೆ: ಈ ಅರ್ಧ ಗಂಟೆಯಲ್ಲಿ ಇದನ್ನು ಮಾಡಲೋ ಅದನ್ನು ಮಾಡಲೋ ಎನ್ನುವಷ್ಟು. ಆ ಜಾಗದಲ್ಲಿ ನಾನು ಸುಲಭವಾದದ್ದನ್ನು, ಎಣಿಕೆಗೆ ಬರುವುದನ್ನು ಆರಿಸಿಕೊಂಡೆ. ಅದಕ್ಕೆ ಚುರುಕುತನ ಎಂದು ಹೆಸರಿಟ್ಟೆ.

ಚುರುಕಾಗಿ ಕೆಲಸ ಮಾಡುವುದು ಹೇಗೆಂದು ಹೇಳುವ ವೀಡಿಯೊಗಳಲ್ಲಿ ನಾಲ್ಕು ಚೌಕದ ಒಂದು ಕೋಷ್ಟಕ ತೋರಿಸುತ್ತಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರಿನಲ್ಲಿ ಅದು ಪ್ರಸಿದ್ಧ. ಸ್ಟೀಫನ್ ಕೋವಿ 1989ರ ತಮ್ಮ ಪುಸ್ತಕದಲ್ಲಿ ಅಂಥದ್ದನ್ನೇ ಬಳಸಿ ಮನೆಮಾತು ಮಾಡಿದರು. ತುರ್ತು ಬೇರೆ, ಮುಖ್ಯ ಬೇರೆ ಎಂದು ಅದು ಕಲಿಸುತ್ತದೆ. ನನಗೂ ಉಪಯೋಗಕ್ಕೆ ಬಂದಿದೆ. ಆದರೆ ಅದನ್ನು ತುಂಬುವಾಗ ನಾನು "ಮುಖ್ಯ" ಎಂದು ಬರೆದದ್ದೆಲ್ಲ ನನಗೆ ಮುಖ್ಯವಾದದ್ದೇ. ಆ ಚೌಕದಲ್ಲಿ ಅಕ್ಕನ ಬಾಡಿಗೆ ಎಲ್ಲೂ ಇರಲಿಲ್ಲ. ಪಟ್ಟಿ ಮಾಡುವಾಗ ಯಾವ ಕೆಲಸ ಮೊದಲು ಎಂದು ನಿರ್ಧರಿಸುತ್ತೇವೆ ಅಂದುಕೊಂಡಿರುತ್ತೇವೆ. ಅದರ ಜೊತೆಗೇ ಯಾರು ಕಾಯಬೇಕು ಎಂದೂ ನಿರ್ಧರಿಸಿರುತ್ತೇವೆ. ಕಾಯುವವರು ಸಾಮಾನ್ಯವಾಗಿ ಫೋನ್ ಮಾಡಿ ಕೂಗಾಡದವರೇ ಆಗಿರುತ್ತಾರೆ. ಮ್ಯಾನೇಜರ್ ಲ್ಯಾಪ್‌ಟಾಪ್ ನಿಧಾನವಾದರೆ ನನಗೆ ಹತ್ತು ನಿಮಿಷದಲ್ಲಿ ಮೂರು ಕರೆ ಬರುತ್ತದೆ. ಊರಲ್ಲಿರುವ ಅವ್ವ ಒಂದು ಸಲ ಮಾಡಿ, ನಾನು ಎತ್ತದಿದ್ದರೆ "ಕೆಲಸದಾಗ ಇರಬೇಕು" ಅಂದುಕೊಂಡು ಸುಮ್ಮನಾಗುತ್ತಾಳೆ.

ಡಿಸೆಂಬರ್ ಕೊನೆಯಲ್ಲಿ ಇರುಮುಡಿ ಕಟ್ಟಿದೆವು. ನಮಗೆಲ್ಲ ಗೊತ್ತಿರುವ ಕ್ರಮವೇ. ಮೊದಲು ತೆಂಗಿನಕಾಯಿಗೆ ತುಪ್ಪ ತುಂಬಿ ಮುಚ್ಚಬೇಕು. ಅದು, ಪೂಜೆಯ ಸಾಮಾನು ಮುಂದಿನ ಗಂಟಿಗೆ. ದಾರಿಗೆ ಬೇಕಾದ ನಮ್ಮ ತಿನಿಸು ಹಿಂದಿನ ಗಂಟಿಗೆ. ಗುರುಸ್ವಾಮಿಗಳು ತುಪ್ಪ ಹಾಕಿಸುತ್ತಾ ಸಹಜವಾಗಿ ಹೇಳಿದರು: "ಹಿಂದಿಂದು ನಿನ್ನದು, ದಾರ್ಯಾಗ ಖಾಲಿ ಆಗ್ತದ. ಮುಂದಿಂದು ನಿಂದಲ್ಲ, ಹಂಗೇ ಮುಟ್ಟಿಸಬೇಕು." ಅವರು ಎಲ್ಲರಿಗೂ ಹೇಳುವ ಮಾತೇ ಇರಬೇಕು. ನನಗೆ ಮಾತ್ರ ನನ್ನ 20 ಟಿಕೆಟ್ ನೆನಪಾಯಿತು. ಹೊಗಳಿಕೆ, ಬಡ್ತಿ, ಹಸಿರು ಬಣ್ಣ ಎಲ್ಲ ಹಿಂದಿನ ಗಂಟು. ಅದೂ ಬೇಕು, ಅದಿಲ್ಲದೆ ದಾರಿ ಸಾಗುವುದಿಲ್ಲ. ಆದರೆ ನಾನು ಎರಡೂ ಗಂಟಿನಲ್ಲಿ ನನ್ನ ತಿನಿಸನ್ನೇ ತುಂಬಿಕೊಂಡಿದ್ದೆ. ವ್ರತದಲ್ಲಿ ಎದುರು ಬಂದವರನ್ನೆಲ್ಲ ಸ್ವಾಮಿ ಎನ್ನುತ್ತೇವೆ. ಸನ್ನಿಧಾನದಲ್ಲಿ ತತ್ವಮಸಿ ಎಂದು ಬರೆದದ್ದನ್ನು ಓದುತ್ತೇವೆ. ಬಾಯಲ್ಲಿ ಸ್ವಾಮಿ ಎಂದು, ಕ್ಯೂನಲ್ಲಿ ಅದೇ ಸ್ವಾಮಿಯನ್ನು ನಾಲ್ಕು ದಿನ ನಿಲ್ಲಿಸಿದರೆ ಆ ಮಾತಿಗೆ ಏನು ಬೆಲೆ?

ಈಗ ನಾನು ಮಾಡುವುದು ಇಷ್ಟು. ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಒಂದು ಚೀಟಿಯಲ್ಲಿ ಮೂರೇ ಸಾಲು ಬರೆಯುತ್ತೇನೆ. ಮೊದಲ ಸಾಲಿನಲ್ಲಿ ಕೆಲಸದ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರು: ನಾನು ಮಾಡದಿದ್ದರೆ ಯಾರಿಗೆ ನಷ್ಟವೋ, ಆದರೆ ಎರಡನೇ ಸಲ ಬಂದು ಕೇಳದವರು ಯಾರೋ ಅವರದು. ಎರಡನೇ ಸಾಲು ನಾನು ಸಂಬಳ ತೆಗೆದುಕೊಳ್ಳುವ ಕೆಲಸದ್ದು. ಮೂರನೆಯದು ನನ್ನ ಓದಿಗೆ, ನೆಟ್‌ವರ್ಕಿಂಗ್ ಪರೀಕ್ಷೆಗಾಗಿ ಅರ್ಧ ಗಂಟೆ. ಉಳಿದದ್ದು ಬಂದ ಹಾಗೆ. ಪಿ1 ಬಂದರೆ ಮೊದಲ ಸಾಲು ನಾಳೆಗೆ ಹೋಗುತ್ತದೆ. ಆದರೆ ಒಂದೇ ಹೆಸರನ್ನು ಎರಡು ದಿನಕ್ಕಿಂತ ಹೆಚ್ಚು ಮುಂದೂಡುವುದಿಲ್ಲ ಎಂದು ಇಟ್ಟುಕೊಂಡಿದ್ದೇನೆ. ರಾತ್ರಿ ಮಲಗುವ ಮುಂಚೆ ಎಷ್ಟು ಮುಗಿಸಿದೆ ಎಂದು ಎಣಿಸುವ ಬದಲು, ಇವತ್ತು ಯಾರು ನನಗಾಗಿ ಕಾದರು ಎಂದು ಕೇಳಿಕೊಳ್ಳುತ್ತೇನೆ.

ಇದರಿಂದ ನನ್ನ ಲೆಕ್ಕ ಕಡಿಮೆಯಾಯಿತು, ಮುಚ್ಚಿಡುವುದಿಲ್ಲ. 20 ಇದ್ದದ್ದು 17ಕ್ಕೆ ಬಂತು. ಟೀಮ್ ಲೀಡ್ ಕೇಳಿದರು, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸಂತೋಷಪಟ್ಟರು ಎಂದೇನೂ ಹೇಳಲಾರೆ, ಆದರೆ ಬೇಡ ಎನ್ನಲಿಲ್ಲ. ಇನ್ನೊಂದು ನಿಜ: ಮಾಲೆ ತೆಗೆದ ಹತ್ತೇ ದಿನಕ್ಕೆ ನಾಲ್ಕು ಗಂಟೆಗೆ ಏಳುವುದು ಬಿಟ್ಟುಹೋಯಿತು. ಅಲಾರಾಂ ಮತ್ತೆ ಮೂರು ಸಲ ಹೊಡೆಯುತ್ತದೆ, ಮೊಬೈಲ್ ಮತ್ತೆ ಹಾಸಿಗೆಗೆ ಬಂದಿದೆ. ಉಳಿದುಕೊಂಡದ್ದು ಚೀಟಿಯ ಆ ಮೊದಲ ಸಾಲು ಮಾತ್ರ.

ಕನ್ನಿ ಸ್ವಾಮಿಗಳೇ, ಈ ಮಂಡಲದಲ್ಲಿ ನೀವೂ ಟೈಮ್‌ಟೇಬಲ್ ಹಾಕಿಕೊಳ್ಳಿ. ಬೇಗ ಎದ್ದರೆ ದಿನ ದೊಡ್ಡದಾಗುತ್ತದೆ, ಅದು ನಿಜ. ದೊಡ್ಡದಾದ ಆ ದಿನದಲ್ಲಿ ಮೊದಲ ಸಾಲು ಯಾರಿಗೆ ಕೊಡುತ್ತೀರಿ ಎಂದು ಮಾತ್ರ ಒಮ್ಮೆ ನೋಡಿಕೊಳ್ಳಿ. ನನ್ನ ಇವತ್ತಿನ ಚೀಟಿಯಲ್ಲಿ ಅವ್ವನ ಹೆಸರಿದೆ. ಇದನ್ನು ಕಳಿಸಿ, ಫೋನ್ ಮಾಡಬೇಕು.

ಸ್ವಾಮಿಯೇ ಶರಣಂ ಅಯ್ಯಪ್ಪ.